ಹೊಟ್ಟೆಯಡಿಯ ಇಸವಿ: ಡೈನೋಸಾರ್ ಗೊಂಬೆ ಕೂಡಿಸುವವರಿಗೊಂದು ಕೈಪಿಡಿ

ಡೈನೋಸಾರ್ ಗೊಂಬೆ ಕೈಗೆ ಬಂದರೆ ಮಕ್ಕಳು ಅದರ ಬಾಯಿಗೆ ಬೆರಳಿಟ್ಟು ಹಲ್ಲು ಚುಚ್ಚುತ್ತದೆಯೇ ಎಂದು ನೋಡುತ್ತಾರೆ. ಗೊಂಬೆ ಕೂಡಿಸುವ ಹುಚ್ಚು ಹತ್ತಿದವರು ಅದನ್ನು ಅಂಗಾತ ಮಲಗಿಸುತ್ತಾರೆ. ಹೊಟ್ಟೆಯ ಮೇಲೋ ಪಾದದ ಅಡಿಯಲ್ಲೋ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ ಕಂಪನಿಯ ಹೆಸರು, ದೇಶದ ಹೆಸರು, ಒಂದು ಇಸವಿ ಇರುತ್ತವೆ. ಗೊಂಬೆಯ ಅರ್ಧ ಕಥೆ ಆ ಇಸವಿಯಲ್ಲಿದೆ. ಹುಲಿಯ ಗೊಂಬೆ ಮಾಡುವವರು ಮೃಗಾಲಯಕ್ಕೆ ಹೋಗಿ ಹುಲಿಯನ್ನು ನೋಡಿ ಬರಬಹುದು. ಡೈನೋಸಾರ್ ಗೊಂಬೆ ಮಾಡುವವರಿಗೆ ದಕ್ಕುವುದು ಆ ವರ್ಷದವರೆಗೆ ಸಿಕ್ಕ ಮೂಳೆಗಳು ಮತ್ತು ಆ ಮೂಳೆಗಳ ಸುತ್ತ ನಡೆದ ಜಗಳಗಳು ಮಾತ್ರ. ಹಾಗಾಗಿ ನಿಮ್ಮ ಕೈಯಲ್ಲಿರುವ ಪ್ರತಿ ಗೊಂಬೆಯೂ ತಾರೀಖು ಹಾಕಿದ ಒಂದು ಊಹೆ.

ಇದು ಹೊಸ ವಿಚಾರವಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಮಾಡಿದ ದೈತ್ಯ ಪ್ರತಿಮೆಗಳನ್ನು ಜನ ಮೊದಲು ಕಂಡದ್ದು 1854ರಲ್ಲಿ. ಅವುಗಳ ಪುಟ್ಟ ಮಾದರಿಗಳೂ ಆ ಕಾಲದಲ್ಲೇ ಮಾರಾಟಕ್ಕಿದ್ದವು. ಅವುಗಳಲ್ಲಿ ಇಗ್ವಾನೊಡಾನ್ ಎಂಬ ಸಸ್ಯಾಹಾರಿ ಡೈನೋಸಾರ್ ನಾಲ್ಕು ಕಾಲಿನ ಘೇಂಡಾಮೃಗದಂತಿದೆ, ಮೂಗಿನ ಮೇಲೆ ಕೊಂಬೂ ಇದೆ. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ ಅದರ ಹಲವಾರು ಅಸ್ಥಿಪಂಜರಗಳು ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಾಗ ಆ ಕೊಂಬು ಹೆಬ್ಬೆರಳಿನ ಮುಳ್ಳು ಎಂದು ತಿಳಿಯಿತು. ಮೂಗಿನ ಮೇಲೆ ಹೆಬ್ಬೆರಳು! ಹಾಗೆಂದು ಹಾಕಿನ್ಸ್ ಗೊಂಬೆಯನ್ನು ಯಾರೂ ಎಸೆಯುವುದಿಲ್ಲ. ತಪ್ಪಿರುವುದರಿಂದಲೇ ಅದಕ್ಕೆ ಬೆಲೆ.

ಮೊದಲ ಹೆಜ್ಜೆ: ಒಂದು ಗೆರೆ ಎಳೆದುಕೊಳ್ಳಿ

ಸಿಕ್ಕಿದ್ದನ್ನೆಲ್ಲ ಕೊಂಡರೆ ಎರಡು ವರ್ಷದಲ್ಲಿ ನಿಮ್ಮ ಬಳಿ ಒಂದು ಚೀಲ ಪ್ಲಾಸ್ಟಿಕ್ ಇರುತ್ತದೆ, ಸಂಗ್ರಹ ಇರುವುದಿಲ್ಲ. ನಾನು ಹಾಗೆಯೇ ಮಾಡಿ, ಆರು ಟಿರನೊಸಾರಸ್‌ಗಳನ್ನು ಕೂಡಿಹಾಕಿ, ಒಂದೂ ಸಸ್ಯಾಹಾರಿಯಿಲ್ಲದ ಕಾಡನ್ನು ಕಪಾಟಿನಲ್ಲಿ ಕಟ್ಟಿದ್ದೆ. ಅವು ಏನು ತಿನ್ನಬೇಕೆಂದು ನನ್ನ ತಂಗಿಯ ಮಗ ಕೇಳಿದಾಗ ನನಗೆ ಬುದ್ಧಿ ಬಂತು.

ಗೆರೆ ಹಲವು ಬಗೆಯದಾಗಿರಬಹುದು. ಒಂದೇ ಪ್ರಮಾಣದ ಗೊಂಬೆಗಳು, ಅಂದರೆ ಎಲ್ಲವೂ 1:40, ನಿಜ ಪ್ರಾಣಿಯ ನಲವತ್ತರಲ್ಲಿ ಒಂದು ಪಾಲು. ಒಂದೇ ಕಾಲದ ಪ್ರಾಣಿಗಳು. ಒಂದೇ ಶಿಲ್ಪಿಯ ಕೆಲಸ. ಹಿಮಯುಗದ ಸಸ್ತನಿಗಳು ಮಾತ್ರ ಎಂದರೂ ಸರಿಯೇ. ಮ್ಯಾಮತ್, ಉಣ್ಣೆಯ ಘೇಂಡಾಮೃಗ, ಕತ್ತಿಹಲ್ಲಿನ ಬೆಕ್ಕು ಎಂದು ಹೊರಟವರಿಗೂ ಒಂದು ಕಪಾಟು ತುಂಬುತ್ತದೆ. ನನಗೆ ಹಿಡಿಸಿದ ದಾರಿ ಬೇರೆ: ಒಂದೇ ಪ್ರಾಣಿ, ಹಲವು ಇಸವಿ. ಜೇಬಿಗೆ ಇದು ಹಗುರ. ಹಳೆಯ, ಬಣ್ಣ ಹೋದ, ಯಾರಿಗೂ ಬೇಡವಾದ ಗೊಂಬೆಗೂ ಇಲ್ಲಿ ಜಾಗ ಇದೆ.

ಉದಾಹರಣೆಗೆ ಸ್ಪೈನೊಸಾರಸ್ ತೆಗೆದುಕೊಳ್ಳಿ. ಈಜಿಪ್ಟಿನಲ್ಲಿ ಸಿಕ್ಕ ಮೂಳೆಗಳಿಗೆ ಜರ್ಮನಿಯ ವಿಜ್ಞಾನಿ ಅರ್ನ್‌ಸ್ಟ್ ಸ್ಟ್ರೋಮರ್ ಆ ಹೆಸರಿಟ್ಟದ್ದು 1915ರಲ್ಲಿ. 1944ರ ಏಪ್ರಿಲ್‌ನಲ್ಲಿ ಮ್ಯೂನಿಕ್ ಮೇಲೆ ಬಾಂಬ್ ಬಿದ್ದಾಗ ಅವನ್ನು ಇಟ್ಟಿದ್ದ ವಸ್ತುಸಂಗ್ರಹಾಲಯದ ಜೊತೆ ಆ ಮೂಳೆಗಳೂ ನಾಶವಾದವು. ಉಳಿದದ್ದು ಚಿತ್ರಗಳು ಮತ್ತು ಬರಹ. ಹಾಗಾಗಿ ಹಳೆಯ ಗೊಂಬೆಗಳಲ್ಲಿ ಸ್ಪೈನೊಸಾರಸ್ ಎಂದರೆ ಗಿಡ್ಡ ಮೂತಿಯ, ನೆಟ್ಟಗೆ ನಿಂತ, ಬೆನ್ನಿಗೆ ಹಾಯಿ ಕಟ್ಟಿದ ಯಾವುದೋ ಮಾಂಸಾಹಾರಿ. ಇಂಗ್ಲೆಂಡಿನಲ್ಲಿ ಸಿಕ್ಕ ಅದರ ನೆಂಟ ಬೆರಿಯೊನಿಕ್ಸ್‌ಗೆ 1986ರಲ್ಲಿ ಹೆಸರಿಟ್ಟ ಮೇಲೆ ಗೊಂಬೆಗಳ ಮೂತಿ ಮೊಸಳೆಯಂತೆ ಉದ್ದವಾಯಿತು, ಕಾಲುಗಳು ಮಾತ್ರ ಉದ್ದವಾಗಿಯೇ ಉಳಿದವು. 2014ರಲ್ಲಿ ಹೊಸ ಮೂಳೆಗಳ ಆಧಾರದ ಮೇಲೆ ಹಿಂಗಾಲು ಗಿಡ್ಡ ಎಂಬ ಪ್ರಬಂಧ ಬಂತು, ಮುಂದಿನ ಗೊಂಬೆಗಳು ಕುಳ್ಳಾದವು. 2020ರಲ್ಲಿ ಬಾಲದ ಮೂಳೆಗಳನ್ನು ವಿವರಿಸಿದ ಮೇಲೆ ಅದೇ ಪ್ರಾಣಿಗೆ ದೋಣಿಯ ಹುಟ್ಟಿನಂಥ ಅಗಲ ಬಾಲ ಬಂತು. ನಾಲ್ಕು ಗೊಂಬೆಗಳನ್ನು ಸಾಲಾಗಿ ಇಟ್ಟರೆ ನೂರು ವರ್ಷದ ವಾದ ಒಂದೇ ಹಲಗೆಯ ಮೇಲೆ ನಿಲ್ಲುತ್ತದೆ. ಅದು ಆಳದಲ್ಲಿ ಈಜುತ್ತಿತ್ತೋ ದಡದಲ್ಲಿ ನಿಂತು ಕೊಕ್ಕರೆಯಂತೆ ಮೀನು ಹಿಡಿಯುತ್ತಿತ್ತೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಆದ್ದರಿಂದ ಹಲಗೆಯ ಬಲತುದಿಯಲ್ಲಿ ಸ್ವಲ್ಪ ಜಾಗ ಬಿಟ್ಟಿದ್ದೇನೆ.

ಎರಡನೆಯ ಹೆಜ್ಜೆ: ಯಾರ ಗೊಂಬೆ, ಎಲ್ಲಿ ಸಿಗುತ್ತದೆ

ಹೆಸರುಗಳನ್ನು ತಿಳಿದಿರಬೇಕು. ಜರ್ಮನಿಯ ಶ್ಲೈಶ್ ಮತ್ತು ಬುಲ್ಲಿಲ್ಯಾಂಡ್, ಫ್ರಾನ್ಸಿನ ಪಾಪೊ, ಅಮೆರಿಕದ ಸಫಾರಿ, ಕಲೆಕ್ಟಾ, ಚೀನಾದ ಪಿಎನ್‌ಎಸ್‌ಒ, ಸ್ಪೇನಿನ ಇಯೊಫೌನಾ ಇವು ಸಂಗ್ರಹಕಾರರ ಬಾಯಲ್ಲಿ ದಿನವೂ ಓಡಾಡುವ ಹೆಸರುಗಳು. ಪಾಪೊ ಚರ್ಮದ ಸುಕ್ಕು, ಬಣ್ಣದ ಕೆಲಸಕ್ಕೆ ಹೆಸರುವಾಸಿ. ಅದರ ಕೆಲವು ಗೊಂಬೆಗಳು ಮೂಳೆಗಿಂತ ಸಿನಿಮಾಕ್ಕೇ ಹೆಚ್ಚು ನಿಷ್ಠವಾಗಿವೆ. ವಿಜ್ಞಾನಕ್ಕೆ ಹತ್ತಿರ ಇರಬೇಕು, ಬೆಲೆಯೂ ಕೈಗೆಟುಕಬೇಕು ಎನ್ನುವವರಿಗೆ ಸಫಾರಿ, ಕಲೆಕ್ಟಾ ನನ್ನ ಸಲಹೆ. ಪ್ರಮಾಣದ ಬಗ್ಗೆ ಹಟ ಇರುವವರಿಗೆ ಇಯೊಫೌನಾ.

ಹಳೆಯ ಗೊಂಬೆಗಳ ಲೋಕದಲ್ಲಿ ಮೂರು ಹೆಸರು ಸಾಕು. ಬ್ರಿಟನ್ನಿನ ಇನ್ವಿಕ್ಟಾ ಕಂಪನಿ 1974ರಿಂದ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ವಸ್ತುಸಂಗ್ರಹಾಲಯಕ್ಕಾಗಿ ಮಾಡಿದ ಗೊಂಬೆಗಳು ಬಹುತೇಕ ಒಂದೇ ಬಣ್ಣದವು, ನೋಡಲು ಸಪ್ಪೆ. ಆದರೆ ಆ ಕಾಲಕ್ಕೆ ಅಷ್ಟು ಎಚ್ಚರದಿಂದ ಮಾಡಿದವರು ಕಡಿಮೆ. ಪಿಟ್ಸ್‌ಬರ್ಗಿನ ಕಾರ್ನೆಗಿ ವಸ್ತುಸಂಗ್ರಹಾಲಯದ ಹೆಸರಿನಲ್ಲಿ ಸಫಾರಿ ತಂದ 1:40 ಮಾಲೆ 1988ರಲ್ಲಿ ಶುರುವಾಗಿ 2015ರಲ್ಲಿ ನಿಂತಿತು. ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕಾಗಿ 1994ರಿಂದ ಬಂದ ಬ್ಯಾಟಾಟ್ ಗೊಂಬೆಗಳನ್ನು ಕೆತ್ತಿದವರಲ್ಲಿ ಡ್ಯಾನ್ ಲೊರುಸ್ಸೊ ಒಬ್ಬರು. ಇವತ್ತಿಗೂ ಅವನ್ನು ಕೈಯಲ್ಲಿ ಹಿಡಿದವರು ಕೆಳಗಿಡಲು ಹಿಂದೆಮುಂದೆ ನೋಡುತ್ತಾರೆ.

ನಮ್ಮಲ್ಲಿ ಇವು ದುಬಾರಿಯಾಗಲು ಕಾರಣ ಇದೆ. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಮನೆಯಲ್ಲಿ ಮಕ್ಕಳು ಇದ್ದರೆ ಆ ಗುರುತನ್ನು ನೋಡಿಯೇ ಕೊಳ್ಳಿ. ಮೂರು ವರ್ಷದೊಳಗಿನವರ ಕೈಗೆ ಸಣ್ಣ ಗೊಂಬೆಗಳನ್ನು ಕೊಡಲೇ ಬೇಡಿ. ಹಳೆಯ ಕಾಲದ ಗೊಂಬೆಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಅವು ಕಪಾಟಿಗೆ, ಆಟಕ್ಕಲ್ಲ.

ಹೊರದೇಶದಲ್ಲಿರುವ ನೆಂಟರು ಊರಿಗೆ ಬರುವಾಗ ಚಾಕೊಲೇಟ್ ಬದಲು ಒಂದು ಸ್ಟೆಗೊಸಾರಸ್ ತರಲು ಹೇಳುವುದು ನನ್ನ ಹಳೆಯ ಉಪಾಯ. ಹೇಳುವಾಗ ಕಂಪನಿ, ಮಾಲೆ, ಇಸವಿ ಮೂರನ್ನೂ ಬರೆದು ಕಳುಹಿಸಬೇಕು. ಇಲ್ಲವಾದರೆ ಬಾಲ ಒತ್ತಿದರೆ ಕಿರುಚುವ, ಕಣ್ಣಲ್ಲಿ ಕೆಂಪು ದೀಪ ಹೊತ್ತುವ ಒಂದು ಪ್ರಾಣಿ ಬರುತ್ತದೆ. ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನುವುದು ಹೇಗೆ?

ಪರಿಷೆ, ಜಾತ್ರೆ, ಭಾನುವಾರದ ಹಳೆ ಸಾಮಾನಿನ ಸಂತೆಗಳನ್ನು ಕಡೆಗಣಿಸಬೇಡಿ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಪೀಪಿ, ಬಲೂನುಗಳ ನಡುವೆ ಪಾರದರ್ಶಕ ಚೀಲದಲ್ಲಿ ಹನ್ನೆರಡು ಪ್ರಾಣಿಗಳು ತೂಗಾಡುವುದನ್ನು ನೀವೂ ನೋಡಿರಬಹುದು. ಹೊಟ್ಟೆಯ ಮೇಲೆ ಚೈನಾ ಎಂಬ ಒಂದೇ ಪದ. ಸಂಗ್ರಹಕಾರರು ಇವನ್ನು ಚೈನಾಸಾರ್ ಎಂದೇ ಕರೆಯುತ್ತಾರೆ. ಅವುಗಳಲ್ಲಿ ಕೆಲವು ಯಾವ ಪ್ರಾಣಿಯೆಂದು ಬ್ರಹ್ಮನಿಗೂ ತಿಳಿಯದು. ಅದಕ್ಕೂ ಒಂದು ಕೀರ್ತಿ ಇದೆ: ಹಾಂಗ್‌ಕಾಂಗಿನಲ್ಲಿ ಮಾಡಿದ ಇಂಥದ್ದೇ ಅಗ್ಗದ ಚೀಲದ ವಿಚಿತ್ರ ಗೊಂಬೆಗಳಿಂದ ಅಮೆರಿಕದ ಆಟ ರಚನೆಕಾರ ಗ್ಯಾರಿ ಗೈಗ್ಯಾಕ್ಸ್ ತಮ್ಮ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಆಟಕ್ಕೆ ಕಬ್ಬಿಣ ತಿನ್ನುವ ರಾಕ್ಷಸನನ್ನೂ ಇನ್ನೊಂದೆರಡು ಮೃಗಗಳನ್ನೂ ಹುಟ್ಟಿಸಿಕೊಂಡರು.

ಮೂರನೆಯ ಹೆಜ್ಜೆ: ಹೊಟ್ಟೆ ಓದಿ

ಮೊಬೈಲಿನ ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ಅಕ್ಷರಗಳ ನೆರಳು ಬಿದ್ದು ಸವೆದ ಬರಹವೂ ಎದ್ದು ಕಾಣುತ್ತದೆ. ಅಲ್ಲಿರುವ ಇಸವಿ ಶಿಲ್ಪದ ಹಕ್ಕಿನ ಇಸವಿ, ಅಂದರೆ ಮೂಲ ಅಚ್ಚು ಮಾಡಿದ ಕಾಲದ್ದು. ನಿಮ್ಮ ಕೈಯಲ್ಲಿರುವ ಗೊಂಬೆ ಅದೇ ಅಚ್ಚಿನಿಂದ ಹತ್ತು ವರ್ಷದ ಮೇಲೆ ಹೊರಬಂದಿರಬಹುದು. ವಿಜ್ಞಾನವನ್ನು ತೂಗಲು ಅಚ್ಚಿನ ಇಸವಿ ನೋಡಿ. ಬೆಲೆ ಕಟ್ಟಲು ಬಣ್ಣದ ಬಗೆ, ಹಣೆಪಟ್ಟಿ, ಪೆಟ್ಟಿಗೆ ನೋಡಿ, ಏಕೆಂದರೆ ಒಂದೇ ಅಚ್ಚಿಗೆ ಕಂಪನಿಗಳು ಆಗಾಗ ಹೊಸ ಬಣ್ಣ ಬಳಿಯುತ್ತವೆ.

ನಾಲ್ಕನೆಯ ಹೆಜ್ಜೆ: ಮೈ ಪರೀಕ್ಷೆ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಕ್ರಮ ಇಟ್ಟುಕೊಳ್ಳಿ: ನಿಲುವು, ಕೈ, ಕಾಲು, ಬಾಯಿ, ಬಣ್ಣ.

ನಿಲುವು ನೋಡಲು ಗೊಂಬೆಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಎರಡು ಕಾಲಿನ ಮಾಂಸಾಹಾರಿಯಾದರೆ ಬೆನ್ನು ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು, ಬಾಲ ಗಾಳಿಯಲ್ಲಿರಬೇಕು. ತಕ್ಕಡಿಯ ಎರಡು ತಟ್ಟೆಯಂತೆ ತಲೆ ಈಚೆ, ಬಾಲ ಆಚೆ. ಕಾಂಗರೂವಿನಂತೆ ನೆಟ್ಟಗೆ ಕುಳಿತು ಬಾಲ ಎಳೆಯುತ್ತಿದ್ದರೆ ಅದು ಹಳೆಯ ಕಲ್ಪನೆಯ ಗೊಂಬೆ. ಪಳೆಯುಳಿಕೆ ವಿಜ್ಞಾನಿ ಜಾನ್ ಆಸ್ಟ್ರಮ್ 1969ರಲ್ಲಿ ಡೈನೊನಿಕಸ್ ಎಂಬ ಬೇಟೆಗಾರ ಡೈನೋಸಾರ್ ಬಗ್ಗೆ ಬರೆದ ಮೇಲೆ ಡೈನೋಸಾರ್‌ಗಳು ಚುರುಕಾಗತೊಡಗಿದವು. ಗೊಂಬೆಗಳಿಗೆ ಆ ಸುದ್ದಿ ತಲುಪಲು ಇನ್ನೂ ಹತ್ತಿಪ್ಪತ್ತು ವರ್ಷ ಹಿಡಿಯಿತು. ಎರಡೇ ಕಾಲಿನ ಮೇಲೆ ಪ್ಲಾಸ್ಟಿಕ್ಕನ್ನು ನಿಲ್ಲಿಸುವುದು ಕಷ್ಟ ಎಂಬುದೂ ನಿಜ. ಅದಕ್ಕೇ ಪಾದಗಳನ್ನು ಬಾತುಕೋಳಿಯದಂತೆ ಅಗಲ ಮಾಡುತ್ತಾರೆ, ಇಲ್ಲವೇ ಬಾಲವನ್ನು ಮೂರನೆಯ ಕಾಲಾಗಿಸುತ್ತಾರೆ. ಅಗಲ ಪಾದವನ್ನು ನಾನು ಕ್ಷಮಿಸುತ್ತೇನೆ. ಬಾಲ ಎಳೆಯುವ 2015ರ ಗೊಂಬೆಯನ್ನು ಕ್ಷಮಿಸುವುದಿಲ್ಲ.

ಕೈಗಳಿಗೆ ಬನ್ನಿ. ನಿಮ್ಮ ಎರಡು ಕೈಗಳನ್ನು ಚಪ್ಪಾಳೆ ತಟ್ಟುವ ಮುನ್ನ ಹಿಡಿಯುವಂತೆ ಹಿಡಿಯಿರಿ. ಮಾಂಸಾಹಾರಿ ಡೈನೋಸಾರ್‌ಗಳ ಅಂಗೈ ಹೀಗೆ ಒಂದಕ್ಕೊಂದು ಎದುರಾಗಿರಬೇಕು. ಹಾರ್ಮೋನಿಯಂ ನುಡಿಸಲು ಹೊರಟಂತೆ ಅಂಗೈ ಕೆಳಮುಖವಾಗಿದ್ದರೆ ತಪ್ಪು, ಆ ಮಣಿಕಟ್ಟು ಹಾಗೆ ತಿರುಗುವುದಿಲ್ಲ. ಟಿರನೊಸಾರಸ್‌ಗೆ ಎರಡೇ ಬೆರಳು. ಮೂರಿದ್ದರೆ ಅಂಗಡಿಯವರೊಡನೆ ಚೌಕಾಸಿಗೆ ಒಂದು ಕಾರಣ ಸಿಕ್ಕಂತೆ. ವೆಲೊಸಿರ್ಯಾಪ್ಟರ್ ಆದರೆ ಪುಕ್ಕ ಬೇಕೇಬೇಕು: ಮುಂಗೈ ಮೂಳೆಯ ಮೇಲೆ ಗರಿಯ ಬುಡ ಕೂತ ಗುಬುಟುಗಳನ್ನು 2007ರಲ್ಲಿ ಗುರುತಿಸಿದ್ದಾರೆ. ಆ ಗರಿಗಳು ಕೈಬೆರಳಿನವರೆಗೂ ಹೋಗಬೇಕು. ಅರ್ಧತೋಳಿನ ಅಂಗಿ ತೊಟ್ಟಂತೆ ಮಣಿಕಟ್ಟಿನಲ್ಲೇ ಗರಿ ನಿಂತುಹೋಗಿರುವುದು ಒಳ್ಳೆಯ ಕಂಪನಿಗಳ ಗೊಂಬೆಗಳಲ್ಲೂ ಕಾಣುವ ತಪ್ಪು.

ಕಾಲು, ಪಾದ: ಉದ್ದ ಕತ್ತಿನ ದೈತ್ಯರ ಮುಂಗಾಲಿಗೆ ಆನೆಯ ಉಗುರುಗಳನ್ನು ಬಿಡಿಸುವುದು ಗೊಂಬೆಯವರ ಹಳೆಯ ಚಾಳಿ. ಡಿಪ್ಲೊಡೊಕಸ್‌ನಂಥವುಗಳ ಮುಂಗಾಲಿನಲ್ಲಿ ಕಣ್ಣಿಗೆ ಬೀಳುವುದು ಹೆಬ್ಬೆರಳಿನ ಒಂದೇ ಉಗುರು, ಹಿಂಗಾಲಿನಲ್ಲಿ ಮೂರು. ಟ್ರೈಸೆರಾಟಾಪ್ಸ್ ಮುಂಗಾಲಿಗೆ ಐದು ಬೆರಳಿದ್ದರೂ ಗೊರಸಿರುವುದು ಮೂರಕ್ಕೆ. ಸ್ಟೆಗೊಸಾರಸ್‌ನ ಬೆನ್ನ ಫಲಕಗಳನ್ನು ಮೇಲಿನಿಂದ ನೋಡಿ: ಜೋಡಿಜೋಡಿಯಾಗಿ ಎದುರುಬದುರು ಇರದೆ ಹೆಜ್ಜೆ ತಪ್ಪಿಸಿ ನಿಂತಿರಬೇಕು, ಎಣಿಸಿದರೆ 17ರ ಹತ್ತಿರ ಬರಬೇಕು, ಬಾಲದಲ್ಲಿ ನಾಲ್ಕು ಮುಳ್ಳು.

ಬಾಯಿಯ ವಿಚಾರ ಈಚಿನದು. ಟಿರನೊಸಾರಸ್‌ನಂಥವುಗಳ ಹಲ್ಲುಗಳು ತುಟಿಯಿಂದ ಮುಚ್ಚಿರುತ್ತಿದ್ದವು ಎಂದು 2023ರ ಒಂದು ಅಧ್ಯಯನ ವಾದಿಸಿತು. ಬಾಯಿ ಮುಚ್ಚಿದಾಗಲೂ ಮೊಸಳೆಯಂತೆ ಹಲ್ಲು ಹೊರಗೆ ಕಾಣುವ ಗೊಂಬೆಯನ್ನು ಅದಕ್ಕಾಗಿ ಕೀಳಾಗಿ ಕಾಣಬೇಕಿಲ್ಲ, ನಿಮ್ಮ ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ ಸಾಕು.

ಬಣ್ಣದ ಬಗ್ಗೆ ಜನ ಸುಮ್ಮನೆ ಜಗಳವಾಡುತ್ತಾರೆ. ಬಹುಪಾಲು ಪ್ರಾಣಿಗಳ ಬಣ್ಣ ಶಿಲ್ಪಿಯ ಇಷ್ಟ. ಆದರೆ ಕೆಲವಕ್ಕೆ ಪುರಾವೆ ಇದೆ: 1996ರಲ್ಲಿ ಚೀನಾದಿಂದ ಬಂದ ಪುಕ್ಕದ ಸೈನೊಸಾರೊಪ್ಟೆರಿಕ್ಸ್ ಕೆಂಗಂದು ಬಣ್ಣದ್ದು, ಬಾಲಕ್ಕೆ ಪಟ್ಟೆಗಳಿದ್ದವು ಎಂದು ಗರಿಗಳಲ್ಲಿ ಉಳಿದ ಬಣ್ಣದ ಕಣಗಳಿಂದ 2010ರಲ್ಲಿ ಕಂಡುಕೊಂಡರು. ಅದರ ಗೊಂಬೆ ಹಸಿರಾಗಿದ್ದು ಅಚ್ಚಿನ ಇಸವಿ 2010ರ ನಂತರದ್ದಾದರೆ ಯಾರೋ ಓದಿಲ್ಲ ಎಂದರ್ಥ.

ಚೀಲದಲ್ಲಿ ಬರುವ ಹಾಯಿಬೆನ್ನಿನ ಡೈಮೆಟ್ರೊಡಾನ್ ಡೈನೋಸಾರ್ ಅಲ್ಲ. ಅದು ನಮ್ಮ ಕಡೆಯ ನೆಂಟ, ಸಸ್ತನಿಗಳ ವಂಶಕ್ಕೆ ಹತ್ತಿರದ್ದು; ಮೊದಲ ಡೈನೋಸಾರ್‌ಗಳು ಬರುವ ಸುಮಾರು ನಾಲ್ಕು ಕೋಟಿ ವರ್ಷ ಮೊದಲೇ ಅಳಿದಿತ್ತು. ಹಾರುವ ಟೆರೊಸಾರ್‌ಗಳೂ ಡೈನೋಸಾರ್‌ಗಳಲ್ಲ. ಟೆರನೊಡಾನ್ ಎಂಬ ಹೆಸರಿನಲ್ಲೇ ಹಲ್ಲಿಲ್ಲ ಎಂಬ ಅರ್ಥ ಇದೆ, ಆದರೂ ಅಗ್ಗದ ಗೊಂಬೆಗಳಿಗೆ ಸಾಲುಹಲ್ಲು ಇರುತ್ತದೆ.

ಐದನೆಯ ಹೆಜ್ಜೆ: ದಾರ ಹಿಡಿದು ಅಳೆಯಿರಿ

ಪೆಟ್ಟಿಗೆಯ ಮೇಲೆ 1:40 ಎಂದಿದ್ದರೆ ನಂಬಬೇಡಿ, ಅಳೆಯಿರಿ. ಹೊಲಿಗೆಯ ದಾರವನ್ನು ಮೂತಿಯ ತುದಿಯಿಂದ ತಲೆ, ಕತ್ತು, ಬೆನ್ನು ಹಿಡಿದು ಬಾಲದ ತುದಿಯವರೆಗೆ ಮೈಗೆ ಅಂಟಿಸಿಕೊಂಡು ತನ್ನಿ, ಆಮೇಲೆ ಅಳತೆಪಟ್ಟಿಯ ಮೇಲೆ ಇಡಿ. ನೇರವಾಗಿ ಪಟ್ಟಿ ಹಿಡಿದರೆ ಬಾಲದ ಬಳುಕು ಲೆಕ್ಕಕ್ಕೆ ಬರುವುದಿಲ್ಲ. ನನ್ನ ಬಳಿಯ ಟಿರನೊಸಾರಸ್ ಪಟ್ಟಿಯಲ್ಲಿ 27 ಸೆಂಟಿಮೀಟರ್, ದಾರದಲ್ಲಿ 31. ಶಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯದ ಪ್ರಸಿದ್ಧ ಅಸ್ಥಿಪಂಜರ ‘ಸೂ’ 12.3 ಮೀಟರ್, ಅಂದರೆ 1230 ಸೆಂಟಿಮೀಟರ್. 31ರಿಂದ ಭಾಗಿಸಿದರೆ 40ಕ್ಕೆ ಕೂದಲೆಳೆ ಕಡಿಮೆ. ಪೆಟ್ಟಿಗೆಯ ಮಾತು ನಿಜವಾಯಿತು.

ಅದೇ 1:40ರಲ್ಲಿ ಎರಡು ಮೀಟರಿನ ವೆಲೊಸಿರ್ಯಾಪ್ಟರ್ ಐದೇ ಸೆಂಟಿಮೀಟರ್ ಇರಬೇಕು, ಮನುಷ್ಯ ನಾಲ್ಕು ಚಿಲ್ಲರೆ. ಅಂಗಡಿಯಲ್ಲಿ ಎರಡೂ ಒಂದೇ ಗಾತ್ರದಲ್ಲಿ ಅಕ್ಕಪಕ್ಕ ನಿಂತಿರುವುದಕ್ಕೆ ಕಾರಣ ಪೆಟ್ಟಿಗೆಯ ಅಳತೆ, ಬೇರೇನಿಲ್ಲ. ಪ್ರಾಣಿಯ ಉದ್ದದ ಅಂದಾಜೇ ಬದಲಾಗುವುದೂ ಉಂಟು. ಗುಜರಾತಿನ ರಹಿಯೋಲಿಯ ಮೂಳೆಗಳಿಂದ 2003ರಲ್ಲಿ ಹೆಸರು ಪಡೆದ ರಾಜಾಸಾರಸ್ ನರ್ಮದೆನ್ಸಿಸ್ ಮೊದಲು ಇನ್ನೂ ದೊಡ್ಡದೆಂದು ಎಣಿಸಿದ್ದರು, 2016ರಲ್ಲಿ 6.6 ಮೀಟರ್ ಎಂದರು. ಆ ಲೆಕ್ಕದಲ್ಲಿ ಅದರ 1:40 ಗೊಂಬೆ ಹದಿನಾರೂವರೆ ಸೆಂಟಿಮೀಟರ್. ಅದರ ಗೊಂಬೆ ಸಿಕ್ಕರೆ ತಲೆಯ ಮೇಲಿನ ತಗ್ಗಾದ ಕೊಂಬನ್ನು ನೋಡಿ, ಚೂಪಾಗಿ ಬೆಳೆಸಿದ್ದರೆ ಅದು ಶಿಲ್ಪಿಯ ಉತ್ಸಾಹ.

ಭಾರತದ ಪ್ರಾಣಿಗಳ ಗೊಂಬೆಗಳು ಕಡಿಮೆ ಎಂಬುದು ನನ್ನ ನಿತ್ಯದ ಗೊಣಗಾಟ. ಗೋದಾವರಿ ಕಣಿವೆಯ ಬಾರಾಪಾಸಾರಸ್ ಟಾಗೋರೈ, ಅಂದರೆ ರವೀಂದ್ರನಾಥ ಟಾಗೋರರ ಹೆಸರು ಹೊತ್ತ ದೊಡ್ಡಕಾಲಿನ ಪ್ರಾಣಿ, ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಇಡೀ ಅಸ್ಥಿಪಂಜರವಾಗಿ ನಿಂತಿದೆ. ಅದರಂಥದ್ದೇ ಉದ್ದಕತ್ತಿನ ಕೋಟಾಸಾರಸ್ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ನಮ್ಮವರಿಗೆ ರಾತ್ರಿ ಬಸ್ಸಿನ ದೂರ. ಅಲ್ಲಿಗೆ ಹೋದಾಗ ಪಕ್ಕದಿಂದ, ಮುಂದಿನಿಂದ, ಪಾದದ ಹತ್ತಿರದಿಂದ ಫೋಟೊ ತೆಗೆದುಕೊಳ್ಳಿ. ಮನೆಗೆ ಬಂದು ಯಾವ ಉದ್ದಕತ್ತಿನ ಗೊಂಬೆಯನ್ನು ತೂಗಲೂ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ.

ಆರನೆಯ ಹೆಜ್ಜೆ: ಸವೆತ, ನಕಲು

ಬಳಸಿದ ಗೊಂಬೆಯ ಬಣ್ಣ ಮೊದಲು ಹೋಗುವುದು ಮೂಗು, ಉಗುರು, ಬಾಲದ ತುದಿ, ಬೆನ್ನಿನ ದಿಂಡಿನಲ್ಲಿ. ಫೋಟೊ ನೋಡಿ ಕೊಳ್ಳುವುದಾದರೆ ಈ ನಾಲ್ಕು ಜಾಗಗಳ ಹತ್ತಿರದ ಚಿತ್ರವನ್ನೂ ಹೊಟ್ಟೆಯ ಚಿತ್ರವನ್ನೂ ಕೇಳಿ. ಹೊಟ್ಟೆಯ ಚಿತ್ರ ಕಳುಹಿಸಲು ತಡಮಾಡುವವರಿಂದ ದೂರ ಇರಿ.

ಈ ಮಾತನ್ನು ನಾನು ದುಡ್ಡು ಕೊಟ್ಟು ಕಲಿತೆ. ಬಲು ಬೇಡಿಕೆಯ ಒಂದು ಗೊಂಬೆ ಅರ್ಧ ಬೆಲೆಗೆ ಎಂದು ಒಬ್ಬರಿಂದ ತರಿಸಿಕೊಂಡೆ. ಪೊಟ್ಟಣ ಬಿಚ್ಚಿದಾಗಲೇ ಸೀಮೆಎಣ್ಣೆಯಂಥ ವಾಸನೆ. ಗೆಳೆಯರ ಬಳಿಯ ಅಸಲಿಯ ಪಕ್ಕದಲ್ಲಿ ಇಟ್ಟಾಗ ನನ್ನದು ಅರ್ಧ ಸೆಂಟಿಮೀಟರ್ ಚಿಕ್ಕದು. ನಕಲು ಮಾಡುವವರು ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆಯುತ್ತಾರೆ, ಎರಕ ಆರುವಾಗ ತುಸು ಕುಗ್ಗುತ್ತದೆ. ಚರ್ಮದ ಸೂಕ್ಷ್ಮ ಗೆರೆಗಳು ಬಳಸಿದ ಸೋಪಿನಂತೆ ನುಣುಪಾಗುತ್ತವೆ. ಹೊಟ್ಟೆಯಲ್ಲಿ ಅಕ್ಷರ ಇರಬೇಕಾದಲ್ಲಿ ಉಜ್ಜಿದ ಕಲೆ. ಅಂದಿನಿಂದ ಅಸಲಿಯ ಉದ್ದವನ್ನು ಮೊದಲೇ ತಿಳಿದುಕೊಂಡು ಮಾರುವವರಿಗೆ ಅಳತೆಪಟ್ಟಿಯ ಜೊತೆಗಿನ ಚಿತ್ರ ಕೇಳುತ್ತೇನೆ.

ಏಳನೆಯ ಹೆಜ್ಜೆ: ತೊಳೆಯುವುದು, ನೆಟ್ಟಗೆ ಮಾಡುವುದು, ಇಡುವುದು

ಇವು ಬಹುತೇಕ ಪಿವಿಸಿ. ಉಗುರುಬೆಚ್ಚನೆಯ ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಹಳೆ ಹಲ್ಲುಜ್ಜುವ ಬ್ರಷ್, ಇಷ್ಟೇ. ಉಗುರಿನ ಬಣ್ಣ ತೆಗೆಯುವ ದ್ರವ, ಥಿನ್ನರ್ ಹತ್ತಿರ ಕೂಡ ತರಬೇಡಿ. ಹೋದ ಬಣ್ಣ ತುಂಬಲು ನೀರಿನಲ್ಲಿ ಕರಗುವ ಅಕ್ರಿಲಿಕ್ ಬಳಸಿ. ಎನಾಮೆಲ್ ಬಣ್ಣ ಮೆತ್ತನೆಯ ಪಿವಿಸಿಯ ಮೇಲೆ ವರ್ಷವಾದರೂ ಅಂಟಂಟಾಗಿ ಉಳಿಯುವುದುಂಟು. ಹಳೆಯ, ಅಪರೂಪದ ಗೊಂಬೆಗೆ ಬಣ್ಣವನ್ನೇ ಹಚ್ಚಬೇಡಿ.

ನಮ್ಮ ಬೇಸಿಗೆಯಲ್ಲಿ ಎರಡು ಕಾಲಿನ ಗೊಂಬೆಗಳು ಮೆಲ್ಲನೆ ಮುಂದಕ್ಕೆ ಬಾಗುತ್ತವೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಲೊಸಾರಸ್ ಸಾಷ್ಟಾಂಗ ಹಾಕಿರುತ್ತದೆ. ಕೈ ಹಾಕಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಕಾಲನ್ನು ಒಂದು ನಿಮಿಷ ಅದ್ದಿ. ಬಟ್ಟೆಯಲ್ಲಿ ಹಿಡಿದು ಮೆಲ್ಲನೆ ಬೇಕಾದ ಕಡೆಗೆ ಬಾಗಿಸಿ, ಹಾಗೇ ಹಿಡಿದುಕೊಂಡು ತಣ್ಣೀರಿನ ಬೋಗುಣಿಗೆ ಇಳಿಸಿ. ಅವಸರ ಮಾಡಿದರೆ ಕಣಕಾಲಿನಲ್ಲಿ ಬಿಳಿ ಬಿರುಕು ಬೀಳುತ್ತದೆ. ಒಂದೇ ಸಲಕ್ಕೆ ಪೂರ್ತಿ ನೆಟ್ಟಗಾಗದಿದ್ದರೆ ಮರುದಿನ ಮತ್ತೊಮ್ಮೆ ಮಾಡಿ.

ಇಡುವ ಜಾಗಕ್ಕೆ ಬಿಸಿಲು ಬೀಳಬಾರದು. ಬೀರುವಿನಲ್ಲಿ ಬಟ್ಟೆಯ ಜೊತೆ ಇಡುವವರು ನುಸಿಗುಳಿಗೆ ತೆಗೆದುಬಿಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ. ಪಿವಿಸಿಯನ್ನು ಮೃದುವಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಹೊರಗೆ ಜಿನುಗುತ್ತದೆ. ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಗೊಂಬೆ ಜಿಗುಟಾಗುತ್ತದೆ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ. ಬಿಳಿ ಹತ್ತಿಬಟ್ಟೆಯಲ್ಲಿ ಬೇರೆಬೇರೆಯಾಗಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಕರಾವಳಿಯವರು, ಮಲೆನಾಡಿನವರು ಮಳೆಗಾಲ ಮುಗಿದ ಮೇಲೆ ರಟ್ಟನ್ನೇ ಬದಲಿಸಬೇಕಾಗಬಹುದು.

ಎಂಟನೆಯ ಹೆಜ್ಜೆ: ಲೆಕ್ಕದ ಪುಸ್ತಕ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ನನ್ನ ಒಂದು ಪುಟ ಹೀಗಿದೆ: ‘ಸ್ಪೈನೊಸಾರಸ್, ಮೂರನೆಯದು. ಉದ್ದ ದಾರದಲ್ಲಿ 33. ಕಾಲು ಗಿಡ್ಡ, ಬಾಲ ಹಳೆಯ ಬಗೆ. ಆದ್ದರಿಂದ 2014 ಮತ್ತು 2020ರ ನಡುವಿನದು. ಅಂಗೈ ಸರಿ. ಎಡಗಾಲಿನ ಉಗುರಿನ ಬಣ್ಣ ಹೋಗಿದೆ, ನಾನು ಕೊಳ್ಳುವಾಗಲೇ ಹೋಗಿತ್ತು. ಭಾನುವಾರದ ಸಂತೆ, 180 ರೂಪಾಯಿ, ಹೇಳಿದ್ದು 300.’ ಗೊಂಬೆಯ ಅಚ್ಚಿನ ಕಾಲ ಮತ್ತು ವಿಜ್ಞಾನದ ಕಾಲ ಹೊಂದಿದರೆ ಅಂಚಿನಲ್ಲಿ ಒಂದು ಟಿಕ್ ಹಾಕುತ್ತೇನೆ. 1974ರ ಗೊಂಬೆ 1974ರ ತಿಳಿವಳಿಕೆಗೆ ಸರಿಯಾಗಿದ್ದರೆ ಅದಕ್ಕೂ ಟಿಕ್. ಈ ಲೆಕ್ಕದಲ್ಲಿ ಹೊಳೆಯುವ ಹೊಸ ಗೊಂಬೆಗಳೇ ಹೆಚ್ಚು ಫೇಲಾಗುತ್ತವೆ.

ಕೊನೆಯದು: ಜನರ ಮುಂದಿಡುವುದು

ಸಾಲಿನಲ್ಲಿ ಜೋಡಿಸುವಾಗ ಮುಖಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ಹೋಲಿಕೆ ಸುಲಭ. ಬೀಳುವ ಗೊಂಬೆಯ ಪಾದದಡಿ ಕಡಲೆಯಷ್ಟು ಮೇಣ ಇಟ್ಟರೆ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ಕೆಳಗಿನ ಮೆಟ್ಟಿಲು ಇವುಗಳದ್ದು. ಮೇಲೆ ಪಟ್ಟದ ಗೊಂಬೆಗಳು, ನಡುವೆ ದಶಾವತಾರ, ಶೆಟ್ಟಿ ದಂಪತಿಗಳ ಅಂಗಡಿ, ಅದರ ಕೆಳಗೆ 1854ರಿಂದ ಇವತ್ತಿನವರೆಗಿನ ಊಹೆಗಳು. ಕಳೆದ ವರ್ಷ ಪಕ್ಕದ ಮನೆಯ ಅಜ್ಜಿ ಆರತಿ ಮುಗಿಸಿ, ಇವೂ ದೇವರ ಸೃಷ್ಟಿಯೇ ತಾನೇ ಎನ್ನುತ್ತಾ ಪ್ರತಿಯೊಂದರ ಹಣೆಗೂ ಅರಿಶಿನ ಹಚ್ಚಿಕೊಂಡು ಹೋದರು. ಪಿವಿಸಿಗೆ ಅರಿಶಿನ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ. ಬಿಸಿಲಿಗಿಟ್ಟರೆ ಎರಡು ದಿನದಲ್ಲಿ ಮಾಸುತ್ತದೆ, ಆದರೆ ಬಿಸಿಲಿಗೆ ಗೊಂಬೆಯ ಬಣ್ಣವೂ ಮಾಸುತ್ತದೆ. ಹಾಗಾಗಿ ಹಣೆಯಷ್ಟನ್ನೇ ಬಿಟ್ಟು ಉಳಿದ ಮೈಗೆ ಬಟ್ಟೆ ಸುತ್ತಿ ಬೆಳಗಿನ ಎಳೆಬಿಸಿಲಿನಲ್ಲಿ ಇಟ್ಟೆ. ಇಗ್ವಾನೊಡಾನ್ ಒಂದಕ್ಕೆ ಮಾತ್ರ ಇನ್ನೂ ತೆಳು ಹಳದಿ ಬೊಟ್ಟು ಉಳಿದಿದೆ, ಹಿಂದೆ ಕೊಂಬು ಇದ್ದ ಜಾಗದಿಂದ ತುಸು ಮೇಲೆ. ಪುಸ್ತಕದಲ್ಲಿ ಅದನ್ನೂ ಇಸವಿ ಹಾಕಿ ಬರೆದಿದ್ದೇನೆ.